ನೀವು ಕತ್ತರಿಸಿದ ಅಮೀನಬಿ, ನಮಗೆ ಉಳಿದ ಚರಂಡಿ

ಸಂಸ್ಕೃತಿ ರಕ್ಷಣೆಯ ಪೇಜು ನಡೆಸುವ ಮಾನ್ಯ ಅಡ್ಮಿನ್ ಸಾಹೇಬರೇ,

ನಮ್ಮ ಚರಂಡಿಯ ಹೋರಾಟವನ್ನು ನೀವು ಕದ್ದಿದ್ದೀರಿ. ಚರಂಡಿಯನ್ನೇ ಒಯ್ದಿದ್ದರೆ ಕರೆದು ಹೋಳಿಗೆ ಊಟ ಹಾಕುತ್ತಿದ್ದೆವು.

ಹುನಗುಂದ ಸೀಮೆಯ ನೇಕಾರರ ಓಣಿ ನಮ್ಮದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತೇವೆ. ಚರಂಡಿ ಉಕ್ಕಿದರೆ ನೀರು ಮೊದಲು ಅಮೀನಬಿಯ ಕುಣಿಗೆ, ಆಮೇಲೆ ಗೋಡೆಯಾಚೆಯ ನನ್ನ ಕುಣಿಗೆ ಬರುತ್ತದೆ. ಅದಕ್ಕೇ ಹೆಂಗಸರೆಲ್ಲ ರಸ್ತೆಗೆ ಅಡ್ಡ ಕೂತೆವು. ಸಾಲಿನ ಅಂಚಿನಲ್ಲಿ ನಿಂತು ಘೋಷಣೆ ಕೂಗಿಸಿದವಳು ಅಮೀನಬಿ. ಅವಳ ಗಂಟಲಿಗೆ ಮೈಕು ಬೇಕಿಲ್ಲ.

ಯಾರೋ ಅದರ ವಿಡಿಯೊ ಮಾಡಿದರು. ಮರುದಿನ ಅದನ್ನು ನಿಮ್ಮ ಪೇಜಿನಲ್ಲಿ ನೋಡಿದರೆ, ನಾವು ಧರ್ಮರಕ್ಷಣೆಗೆ 'ಎಚ್ಚೆತ್ತ ವೀರಮಾತೆಯರು'! ಅಮೀನಬಿಯನ್ನು ಕತ್ತರಿಸಿ, ಅವಳ ದನಿ ಅಳಿಸಿ, ಮೇಲೊಂದು ಅಬ್ಬರದ ಹಾಡು ಹಾಕಿದ್ದೀರಿ. ಸೆರಗಿನಿಂದ ಮೂಗು ಮುಚ್ಚಿಕೊಂಡ ನನ್ನ ಮುಖ ನಿಮಗೆ ಧರ್ಮಕ್ರೋಧವಾಗಿ ಕಂಡಿತೇ? ಅದು ವಾಸನೆ, ಸಾಹೇಬರೇ.

ಕೆಳಗೆ ಮುಸಲ್ಮಾನರನ್ನು ಬೈದ ಕಮೆಂಟುಗಳನ್ನು ಓದಿ ಅಮೀನಬಿ ಬಾಗಿಲು ಹಾಕಿಕೊಂಡಳು. "ನಾ ಇನ್ನ ಬರೂದಿಲ್ಲ ಗಂಗಾ. ನನ್ನ ಸಲುವಾಗಿ ನಿಮಗ್ಯಾಕ ತ್ರಾಸು?" ಎಂದಳು. ನನಗೆ ಅಳು ಬಂತು. ಆಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ.

ಅಷ್ಟರಲ್ಲಿ 'ವೀರಮಾತೆಯರ ನೆರವಿಗೆ ಬನ್ನಿ' ಎಂಬ ನಿಮ್ಮ ಕರೆಗೆ ಓಗೊಟ್ಟು ಬಾಗಲಕೋಟೆ ಕಡೆಯಿಂದ ಟೆಂಪೊ ತುಂಬ ತರುಣರು ಬಂದಿಳಿದರು. ಹಣೆಗೆ ಪಟ್ಟಿ, ಕೈಯಲ್ಲಿ ಧ್ವಜ, ಕಾಲಲ್ಲಿ ಬಿಳಿ ಬೂಟು!

"ಎಲ್ಲೈತ್ರಿ ಅವ್ವಾರ, ಸಂಕಟ?"

ನಮ್ಮ ಪದ್ಮವ್ವತ್ತೆ ಚರಂಡಿ ತೋರಿಸಿದರು. "ಇಲ್ಲೇ ಐತಿ ನೋಡಪಾ. ಧ್ವಜ ಗ್ವಾಡಿಗೆ ಆನಿಸು, ಸಲಿಕಿ ಹಿಡಿ."

ಹಿರಿಯರ ಮಾತು ಮೀರಬಾರದೆಂದು ನಿಮ್ಮ ಪೇಜೇ ದಿನಾ ಬೋಧಿಸುತ್ತದಲ್ಲ! ಪಾಪ, ಅರ್ಧ ಓಣಿ ಬಳಿದರು. ಬೂಟು ಯಾವುದು, ಕಾಲು ಯಾವುದು ತಿಳಿಯದಾಯಿತು. ನಾವು ಬಿದ್ದು ಬಿದ್ದು ನಕ್ಕೆವು. ನಗು ಕೇಳಿ ಅಮೀನಬಿಯೂ ಕಿಟಕಿ ತೆರೆದಳು. ಸುಮ್ಮನಿರಲಾಗದೆ, "ಏ ತಮ್ಮಾ, ಮೂಲ್ಯಾಗ ಉಳೀತಲ್ಲೋ!" ಎಂದು ಕೂಗಿದಳು. "ಹೂಂರಿ ಅಕ್ಕಾರ" ಎಂದು ಹುಡುಗ ಮೂಲೆ ಬಳಿದ. ಅವರಿಗೆಲ್ಲ ಚಹಾ ಮಾಡಿದವಳೂ ಅವಳೇ. ಆದರೆ ಹೊಸ್ತಿಲು ಮಾತ್ರ ದಾಟಲಿಲ್ಲ.

ಆದ್ದರಿಂದ ಆ ವಿಡಿಯೊ ತೆಗೆಯಿರಿ, ಇಲ್ಲವೇ ಅಮೀನಬಿಯ ಮುಖ, ದನಿ ಸಮೇತ ಪೂರ್ತಿ ಹಾಕಿ. ಉಳಿದರ್ಧ ಚರಂಡಿಗೆ ಹುಡುಗರನ್ನು ಮತ್ತೆ ಕಳಿಸಿ, ಹಳೆಯ ಚಪ್ಪಲಿಯಲ್ಲಿ ಬರಲಿ. ತಾವೂ ಬಂದರೆ ಇನ್ನೊಂದು ಸಲಿಕೆ ಇದೆ.

ಅಮೀನಬಿ ರಸ್ತೆಗೆ ಬರದಿದ್ದರೆ ಬೇಡ. ಸೋಮವಾರ ಓಣಿಯ ಹೆಂಗಸರೆಲ್ಲ ಅವಳ ಹೊಸ್ತಿಲಿಗೇ ಹೋಗಿ, ಅವಳ ಎಡಕ್ಕೂ ಬಲಕ್ಕೂ ಕೂರುತ್ತೇವೆ. ಈ ಸಲ ನೀವು ಯಾವ ಕಡೆಯಿಂದ ಕತ್ತರಿಸುತ್ತ ಬಂದರೂ ಕೊನೆಗೆ ಉಳಿಯುವವಳು ಅವಳೇ.

ಇಂತಿ,
ನಿಮ್ಮ ಪೇಜಿನಲ್ಲಿ ವೀರಮಾತೆ,
ಓಣಿಯಲ್ಲಿ ಇನ್ನೂ ಮೂಗು ಮುಚ್ಚಿಕೊಂಡೇ ಇರುವ
ಶಿವಗಂಗಾ