ಅಪ್ಪನ ಹಲ್ಲಿಗೆ ಅರ

ವೆಗ್ರೆವಿಲ್
ಮಾರ್ಚ್ ೯, ಭಾನುವಾರ

ಮುದ್ದಿನ ಮಗಳು ಲೆಸ್ಯಾಗೆ, ಅಮ್ಮನಿಂದ ಮನೆತುಂಬ ಪ್ರೀತಿ.

ಮೊದಲು ಕನಸಿನ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈ ಓಡುವುದಿಲ್ಲ. ಎಡ್ಮಂಟನ್ ಆಸ್ಪತ್ರೆಯವರು ನನ್ನ ಕೈಗೆ ಸೌತೆಕಾಯಿ ಉಪ್ಪಿಗೆ ಹಾಕುವ ಭರಣಿಯೊಂದನ್ನು ಕೊಡುತ್ತಾರೆ. ಒಳಗೆಲ್ಲ ಅಪ್ಪನ ಹಲ್ಲು. ಎಣಿಸಿದಷ್ಟೂ ಹೆಚ್ಚಾಗುತ್ತವೆ, ಒಂದೊಂದೂ ಕುದುರೆ ಹಲ್ಲಿನಷ್ಟು ಉದ್ದ. ಅಪ್ಪ ಹಾಸಿಗೆಯಲ್ಲಿ ಎದ್ದು ಕೂತು, ಬೊಚ್ಚುಬಾಯಲ್ಲಿ, ಬಹಳ ಮರ್ಯಾದೆಯಿಂದ ನನ್ನನ್ನು “ತಾವ್ಯಾರು?” ಎಂದು ಕೇಳುತ್ತಾರೆ. ಆ ಮರ್ಯಾದೆಗೇ ನನಗೆ ಎಚ್ಚರವಾಗುತ್ತದೆ. ಹೋದ ತಿಂಗಳಿಡೀ ಇದೇ ಕನಸು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಗಣಿ ಕ್ಯಾಂಪಿನಿಂದ ಮಾತಾಡುವಾಗ ನಿನ್ನ ಹಿಂದೆ ಆ ದೊಡ್ಡ ಲಾರಿಗಳು ಗುಡುಗುತ್ತವೆ, ನೀನು “ಹೇಳಮ್ಮ, ಹೇಳು, ಬೇಗ” ಅನ್ನುತ್ತೀ, ನಾನು ಹೇಳಬೇಕಾದ್ದನ್ನು ಬಿಟ್ಟು ಹವೆಯ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆದು, ನಿನ್ನ ಕ್ಯಾಂಪಿನಲ್ಲೇ ಕೆಲಸ ಮಾಡುವ ಡ್ವೇನ್ ಕೈಯಲ್ಲಿ ಕಳಿಸುತ್ತಿದ್ದೇನೆ. ಗುರುವಾರ ಅವನ ಪಾಳಿ ಶುರುವಂತೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ನಕ್ಕು ಮುಂದೆ ಹೋಗು. ಲಾರಿ ಓಡಿಸುತ್ತಾ ಮಾತ್ರ ಓದಬೇಡ.

ಅಪ್ಪನ ಕೆಳಗಿನ ಹಲ್ಲುಗಳನ್ನೆಲ್ಲ ಅರಿವಳಿಕೆ ಕೊಟ್ಟು ಒಂದೇ ಸಲ ಕೀಳಿಸುವುದು ಎಂದು ನೀನೂ ದೊಡ್ಡ ಡಾಕ್ಟರೂ ನಿಶ್ಚಯಿಸಿದಿರಿ. ನಾನೂ ತಲೆಯಾಡಿಸಿದೆ. ನಿನ್ನ ತಪ್ಪೇನೂ ಇಲ್ಲ. ಅವರು ಹಲ್ಲುಜ್ಜಲು ಬಿಡುತ್ತಿರಲಿಲ್ಲ, ಬ್ರಷ್ ಕಂಡರೆ ಕೈ ಬೀಸುತ್ತಿದ್ದರು. ತಿನ್ನುವುದೂ ನಿಂತುಹೋಗಿ, ಆರೈಕೆ ಮನೆಯವರು ಎಲ್ಲವನ್ನೂ ಅರೆದು ಗಂಜಿ ಮಾಡಿ ಕೊಡುತ್ತಿದ್ದರು. ಅಗಿಯುವುದನ್ನೂ ನುಂಗುವುದನ್ನೂ ಮರೆಯುತ್ತಿದ್ದಾರೆ, ಈ ಮರೆವಿನ ಕಾಯಿಲೆಯಲ್ಲಿ ಇದೂ ಒಂದು ಮೆಟ್ಟಿಲು ಎಂದರು. ಆದರೆ ಸೊಂಟದ ಆಪರೇಷನ್ ಆದಾಗಲೂ ಹೀಗೇ ಮಲಗಿಸಿದ್ದರಲ್ಲ. ಒಳಗೆ ಹೋಗುವಾಗ ನನ್ನನ್ನು ವೀರಾ ಎಂದು ಕರೆದವರು ಹೊರಗೆ ಬಂದ ಮೇಲೆ ಒಮ್ಮೆಯೂ ಕರೆದಿಲ್ಲ. ಇನ್ನೊಮ್ಮೆ ಮಲಗಿಸಿದರೆ ಉಳಿದಿರುವುದೂ ಹೋಗುತ್ತದೆ ಎನ್ನುವುದೇ ನನ್ನ ಹೆದರಿಕೆ. ಉಳಿದಿರುವುದಾದರೂ ಏನು ಎಂದು ನೀನು ಕೇಳಿದ್ದೆ. ತಮಾಷೆ ಉಳಿದಿದೆ ಮಗಳೇ, ಕೈಯ ನೆನಪು ಉಳಿದಿದೆ.

ಈಗ ಹೊಸ ಸುದ್ದಿ. ನಾನು ಮನೆಯಿಂದ ರೈ ಬ್ರೆಡ್ ಒಯ್ದು, ಯಾರೂ ನೋಡದಂತೆ ಅಪ್ಪನಿಗೆ ಕೊಡುತ್ತಿದ್ದೆ. ಬಾಯಿಗೆ ಹಾಕಿಕೊಳ್ಳುತ್ತಾರೆ, ಬಲಗಡೆಗೇ ತಳ್ಳಿ ನಾಲ್ಕು ಸಲ ಅಗಿಯುತ್ತಾರೆ, ತಲೆ ಓರೆ ಮಾಡುತ್ತಾರೆ, ಆಮೇಲೆ ಒದ್ದೆ ಉಂಡೆಯಾಗಿ ತಟ್ಟೆಯ ಅಂಚಿಗೆ ಬಿಡುತ್ತಾರೆ. ಉಂಡೆಗಳನ್ನು ಕಾಗದದಲ್ಲಿ ಸುತ್ತಿ ಎಸೆಯುವಾಗ ನನ್ನ ಕೈ ಅಲ್ಲೇ ನಿಂತಿತು. ಇಂಥ ಉಂಡೆಗಳನ್ನು ನಾನು ಎಷ್ಟು ಲಾಯಗಳಲ್ಲಿ ಗುಡಿಸಿಲ್ಲ! ಕುದುರೆಯ ಹಲ್ಲು ಒಂದು ಕಡೆ ಚೂಪಾಗಿ ಬೆಳೆದು ಕೆನ್ನೆ ಕೊಯ್ಯುವಾಗ ಅದು ಹುಲ್ಲನ್ನು ಹೀಗೇ ಅರ್ಧ ಅಗಿದು, ತಲೆ ಓರೆ ಮಾಡಿ, ಉಂಡೆ ಕಟ್ಟಿ ಬೀಳಿಸುತ್ತದೆ. ಯಜಮಾನ ಬಂದು, ಮುದಿಯಾಯ್ತು, ಇನ್ನು ತಿನ್ನಲ್ಲ ಅನ್ನುತ್ತಾನೆ. ಅಪ್ಪ ಉಂಡೆಯನ್ನು ಕಾಲಿನಿಂದ ತಿರುವಿ ನೋಡಿ, ಹಲ್ಲಿನ ಚೂಪು ತೇಯುವ ಅರ ತರಲು ನನಗೆ ಹೇಳುತ್ತಿದ್ದರು. ಜನ್ಮವಿಡೀ ಕುದುರೆ ಹಲ್ಲಿಗೆ ಅರ ಹಾಕಿದ ಮನುಷ್ಯ, ಅವರ ಪಕ್ಕ ದೀಪ ಹಿಡಿದ ಹೆಂಡತಿ, ಇಬ್ಬರಿಗೂ ಇದು ಹೊಳೆಯಲಿಲ್ಲವಲ್ಲ! ಅವರಿಗೆ ಮರೆವಿನ ನೆಪವಾದರೂ ಇದೆ.

ಆರೈಕೆ ಮನೆಗೆ ತಿಂಗಳಿಗೊಮ್ಮೆ ಬರುವ ಹಲ್ಲಿನ ಡಾಕ್ಟರು ರೊವೇನಾ ಇದ್ದಾಳಲ್ಲ, ಮನಿಲಾದ ಹುಡುಗಿ, ಅವಳ ಕಿವಿಗೆ ಹಾಕಿದೆ. ನಗುತ್ತಾಳೇನೋ ಎಂದು ಅಂಜುತ್ತಲೇ ಹೇಳಿದೆ. ಅವಳು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಕುದುರೆಯ ಬಾಯಿ ಹೇಗೆ ತೆರೆಸುತ್ತಿದ್ದಿರಿ, ಎಲ್ಲಿ ನಿಲ್ಲುತ್ತಿದ್ದಿರಿ ಎಂದು ಎಲ್ಲ ಕೇಳಿದಳು. ಮೊದಲ ಭೇಟಿಯಲ್ಲಿ ಅಪ್ಪ ಅವಳ ಕೈಯ ಕನ್ನಡಿ ಹಾರಿಸಿದ್ದರು. ಆಗಲೂ ಬೇಸರಿಸದೆ ಕನ್ನಡಿ ಎತ್ತಿಕೊಂಡು, ಇವತ್ತು ಪರಿಚಯವಾಯಿತು, ಅಷ್ಟೇ ಸಾಕು ಎಂದು ಹೋದವಳು. ಎದುರಿನಿಂದ ಬಂದರೆ ಇಂಥವರಿಗೆ ಹೊಡೆಯಲು ಬಂದಂತೆ ಕಾಣುತ್ತದೆ, ಪಕ್ಕದಿಂದ ಬರಬೇಕು, ಅವರ ಕೈಗೂ ಏನಾದರೂ ಕೊಡಬೇಕು ಎಂದು ಅವಳೇ ನನಗೆ ಹೇಳಿಕೊಟ್ಟಳು. ಕುದುರೆಗೂ ಹಾಗೇ ಅಲ್ಲವೇ?

ಶುಕ್ರವಾರ ರೊವೇನಾ ಮತ್ತೆ ಬರುವ ದಿನ. ನಾನು ಹಳೆಯ ಟಾರ್ಚನ್ನೂ ಕುದುರೆಯ ತಲೆಹಗ್ಗವನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ದಾರಿಯುದ್ದಕ್ಕೂ ಕೆಟ್ಟ ಯೋಚನೆಗಳೇ. ಕಚ್ಚಿದರೆ? ಹೊಡೆದರೆ? ಹಗ್ಗ ಕಂಡು ಅಳಲು ಶುರುಮಾಡಿದರೆ? ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಹಗ್ಗ ಕೈಗಿಟ್ಟೆ. ಬೆರಳಿನಲ್ಲಿ ಗಂಟು ಹುಡುಕಿ, ಸಡಿಲಾಗಿದೆ ಎಂದು ಬೈದು ಬಿಗಿ ಮಾಡಿದರು. ಒಂದು ಮುದಿ ಕುದುರೆ ಮೇವು ಬಿಡುತ್ತಿದೆ, ಸ್ವಲ್ಪ ನೋಡಿ ಎಂದು ನಾನೇ ಪಕ್ಕದಲ್ಲಿ ಕೂತು ಬಾಯಿ ತೆರೆದೆ. ಅವರು ಎಡಗೈಯಿಂದ ನನ್ನ ದವಡೆ ಹಿಡಿದು, ಹೆಬ್ಬೆರಳನ್ನು ತುಟಿಯ ಮೂಲೆಗೆ ಒತ್ತಿ, ರೊವೇನಾ ಹಿಡಿದಿದ್ದ ಟಾರ್ಚಿನ ಕಡೆ ನನ್ನ ಮುಖ ತಿರುಗಿಸಿದರು. ಎಂಥಾ ಹಗುರ ಕೈ! ಸಾಕಷ್ಟು ಹೊತ್ತು ನೋಡಿ ರೊವೇನಾಗೆ ಹೇಳಿದರು:

“ವಯಸ್ಸಾಗಿದೆ. ಆದ್ರೆ ಮಾರ್ಬೇಡಿ, ಇನ್ನೂ ಐದು ವರ್ಷ ಗಾಡಿ ಎಳೀತಾಳೆ.”

ರೊವೇನಾ ನಗು ತಡೆಯಲಾಗದೆ ಮುಖಗವಸಿನೊಳಗೆ ಕೆಮ್ಮಿದಳು. ನಾನು ಅಪ್ಪನಿಗೆ, ಈಗ ನಿಮ್ಮ ಸರದಿ ಎಂದೆ. ಅವಳು ಮೊದಲೇ ಎಚ್ಚರಿಸಿದ್ದಳು, ಬೆರಳು ಹಲ್ಲುಗಳ ಮಧ್ಯೆ ಹೋಗಕೂಡದು, ಕೆನ್ನೆಯ ಒಳಬದಿಗೇ ಇರಬೇಕು ಎಂದು. ಕೈಗವಸು ಹಾಕಿಕೊಂಡು ಅಪ್ಪನ ಪಕ್ಕ ನಿಂತೆ. ಬಲಗಡೆ, ಆ ಬೂದು ಹೆಣ್ಣುಕುದುರೆ ಒದ್ದು ಎರಡು ಹಲ್ಲು ಹೋದ ಜಾಗವಿದೆಯಲ್ಲ, ತುಟಿಯ ಆ ಮೂಲೆಗೆ ಬೆರಳಿಟ್ಟೆ. ಅವರು ಕುದುರೆಗಳಿಗೆ ಹೇಳುತ್ತಿದ್ದ ಮಾತನ್ನೇ ಹೇಳಿದೆ: “ಬಾ ನನ್ ದೊರೆ, ಬಾಗ್ಲು ತೆಗಿ.”

ತೆಗೆದರು, ಲೆಸ್ಯಾ. ಹಗ್ಗವನ್ನು ಮಡಿಲಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಾಗಿಲು ತೆಗೆದರು.

ಎಡಗಡೆ ಹಿಂದಿನ ಹಲ್ಲು ಮುರಿದು ಗಾಜಿನ ಚೂರಿನ ಹಾಗೆ ನಿಂತಿತ್ತು. ಕೆನ್ನೆಯ ಒಳಗೆ ಉದ್ದಕ್ಕೂ ಹುಣ್ಣು. ಪಾಪ, ಅಷ್ಟು ದಿನ ಅದನ್ನು ಹೇಳಲು ಮಾತು ಸಿಗದೆ ಕೈ ಬೀಸಿದ್ದಾರೆ. ರೊವೇನಾ ಸಣ್ಣದೊಂದು ಕೈ ಅರದಿಂದ ಅಂಚನ್ನು ನಯ ಮಾಡಿದಳು. ಹುಳುಕಿದ್ದ ಕಡೆಗೆ ಒಂದು ಮದ್ದು ಸವರಿದಳು. ಅಲ್ಲಿ ಕಪ್ಪಾಗುತ್ತದೆ, ಹುಳುಕು ನಿಲ್ಲಬಹುದು, ನೋಡುತ್ತಿರೋಣ ಎಂದಳು. ನಡುವೆ ಅವರು ಬಾಯಿ ಮುಚ್ಚಿದಾಗ ಕಾದಳು, ಮತ್ತೆ ತೆಗೆದಾಗ ಮುಂದುವರಿಸಿದಳು. ಎಲ್ಲವನ್ನೂ ಕೀಳುವ ಅಗತ್ಯ ಈಗ ಕಾಣುವುದಿಲ್ಲವಂತೆ, ದೊಡ್ಡ ಡಾಕ್ಟರಿಗೆ ತಾನೇ ಬರೆಯುತ್ತಾಳಂತೆ.

ಮುಗಿದ ಮೇಲೆ ಅಪ್ಪ ನಾಲಿಗೆಯಿಂದ ಆ ಅಂಚನ್ನು ಎರಡೆರಡು ಸಲ ಸವರಿ ನೋಡಿದರು, ಕೆಲಸ ಪರೀಕ್ಷಿಸುವವರ ಹಾಗೆ. ರೊವೇನಾ ಕಡೆ ತಿರುಗಿ, “ನಯವಾಗಿದೆ. ಯಾರ ಹತ್ರ ಕಲ್ತೆ?” ಎಂದರು. ಅವಳು ನನ್ನನ್ನು ತೋರಿಸಿದಳು. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ಹೆಸರು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಬಂದದ್ದು ಇದು:

“ಇವ್ಳು ನನ್ ಜೊತೆ ಕೆಲ್ಸ ಮಾಡೋಳು. ಎಂಥಾ ಕುದುರೆ ಆದ್ರೂ ಸರಿ, ಇವ್ಳು ಹಿಡಿದ ದೀಪ ಅಲ್ಲಾಡಲ್ಲ.”

ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ನನಗೆ ಹೇಳಿದವರಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡಿ ಬರುವ ನನಗೆ! ಹೆಸರಿಲ್ಲದಿದ್ದರೆ ಇಲ್ಲದೇ ಹೋಗಲಿ. ಕೋಣೆಯ ಹೊರಗಿನ ಪಡಸಾಲೆಗೆ ಬಂದು ಅತ್ತೆ. ಅದು ದುಃಖದ ಅಳುವಲ್ಲ, ನಿನಗೆ ಗೊತ್ತಾಗುತ್ತದೆ.

ರೊವೇನಾ ಹೋದ ಮೇಲೆ ಎಡ್ಮಂಟನ್ನಿಗೆ ಫೋನ್ ಮಾಡಿ ಆಪರೇಷನ್ ಬೇಡ ಎಂದೆ. ಇವತ್ತು ಅಪ್ಪ ಬೋರ್ಷ್ ಸಾರಿನಲ್ಲಿ ಅದ್ದಿಕೊಂಡು ಎರಡು ಚೂರು ರೈ ಬ್ರೆಡ್ ತಿಂದರು. ತಟ್ಟೆಯ ಅಂಚಿನಲ್ಲಿ ಒಂದು ಉಂಡೆಯೂ ಇರಲಿಲ್ಲ. ಆ ಖಾಲಿ ತಟ್ಟೆಯನ್ನು ಅಡುಗೆಯವಳಿಗೂ ತೋರಿಸಿ ಬಂದೆ, ಪಕ್ಕದ ಕೋಣೆಯ ಮುದುಕಿಗೂ ತೋರಿಸಿದೆ. ನನಗೆ ಹುಚ್ಚು ಎಂದುಕೊಂಡಿರಬಹುದು. ಎಂದುಕೊಳ್ಳಲಿ.

ನೀನು ರಜೆಗೆ ಬಂದಾಗ ಬೆರಳಿಡುವುದನ್ನು ನಿನಗೂ ಕಲಿಸುತ್ತೇನೆ. ಸಣ್ಣವಳಿದ್ದಾಗ ಹಗ್ಗ ಹಿಡಿಯುತ್ತಿದ್ದವಳು ನೀನು. ಬೆಚ್ಚಗಿರು.

ನಿನ್ನ ಅಪ್ಪನ ಜೊತೆ ಕೆಲಸ ಮಾಡುವವಳು,
ಅಮ್ಮ

ತಾ.ಕ.: ಮೇಲೆ ಒಂದು ಕಡೆ ಹಿಂದುಮುಂದಾಗಿ ಬರೆದಿದ್ದೇನೆ. ಎಡ್ಮಂಟನ್ನಿಗೆ ಫೋನ್ ಮಾಡಿದ್ದು ಅಪ್ಪ ಬಾಯಿ ತೆರೆದ ಮೇಲಲ್ಲ, ಅವತ್ತು ಬೆಳಿಗ್ಗೆ, ಟಾರ್ಚ್ ಹುಡುಕುವುದಕ್ಕೂ ಮೊದಲೇ. ಯಾರನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಅವರು ತೆರೆದೇ ತೆರೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಮಾತಾಡುವಾಗ ಧ್ವನಿಯೂ ನಡುಗಲಿಲ್ಲ. ರದ್ದಾಯಿತು ಎಂಬ ಸಂದೇಶವನ್ನು ನಿನ್ನ ಫೋನಿಗೆ ಕಳಿಸುತ್ತೇವೆ ಎಂದಿದ್ದರು. ಕ್ಯಾಂಪಿನಲ್ಲಿ ಸಿಗ್ನಲ್ ಸಿಕ್ಕಾಗ ತೆಗೆದು ನೋಡು, ರದ್ದಾಗಿರುವುದು ಅಪ್ಪನ ಹೆಸರಿನ ಆಪರೇಷನ್ನೇ ತಾನೆ? ಒಂದು ಸಲ ನೋಡಿದ್ದರೂ ಇನ್ನೊಂದು ಸಲ ನೋಡು.