ಕೊನೆಯ ಹತ್ತು ನಿಮಿಷ

ಏನೂಂದ್ರೆ,

ಇವತ್ತು ಮ್ಯಾಟಿನಿಗೆ ಹೋಗಿದ್ದೆ. ನೀವು ತೀರಿಕೊಂಡ ಮೇಲೆ ಈ ವರ್ಷ ಮದುರೈಗೆ ಬಂದ ಒಳ್ಳೆಯ ಚಿತ್ರ ಒಂದನ್ನೂ ಬಿಟ್ಟಿಲ್ಲ. ಎಲ್ಲಕ್ಕಿಂತ ಇವತ್ತಿನದೇ ಹಿಡಿಸಿತು. ಒಬ್ಬ ಮುದುಕ ಕಳ್ಳ, ಅವನನ್ನು ಹಿಡಿಯಲು ಬಂದ ಪೊಲೀಸು ಅವನದೇ ಮಗಳು. ನೀವಿದ್ದಿದ್ದರೆ ಇಂಟರ್ವಲ್ಲಿನಲ್ಲಿ ಸಮೋಸ ತಿನ್ನುತ್ತಾ ಮುಂದಿನ ಕಥೆ ಹೇಳಿ ನನ್ನಿಂದ ಬೈಸಿಕೊಳ್ಳುತ್ತಿದ್ದಿರಿ.

ಕೊನೆಗೆ ಆ ಮಗಳು ಅಪ್ಪನ ಕೈಗೆ ಹಾಕಲು ಬೇಡಿ ಹೊರತೆಗೆದಳು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಜನ ನುಗ್ಗುವ ಮೊದಲು ಗಾಡಿ ತೆಗೆಯಬೇಕೆಂದು ನೀವು ಪ್ರತಿ ಸಲ ಎಬ್ಬಿಸಿಕೊಂಡು ಬರುತ್ತಿದ್ದಿರಲ್ಲ, ಕಾಲು ಅದನ್ನು ಮರೆತಿಲ್ಲ.

ಥಿಯೇಟರಿನ ಗಾಡಿ ಸ್ಟ್ಯಾಂಡ್ ಕಾಯುವ ಚೆಲ್ಲಪಾಂಡಿ ನಕ್ಕ. "ಏನಕ್ಕಾ, ಗಾಡಿ ಮಾರಿ ಬಸ್ಸಲ್ಲಿ ಬರ್ತೀರಿ, ಆದ್ರೂ ಇಲ್ಲಿಗೇ ಓಡಿ ಬರ್ತೀರಲ್ಲ. ಒಳಗೆ ಹೋಗಿ, ಪಿಚ್ಚರ್ ಇನ್ನೂ ಮುಗಿದಿಲ್ಲ."

"ಮುಗಿಯೋದು ನೋಡಿ ಏನಾಗ್ಬೇಕಪ್ಪ?"

"ಅಣ್ಣನೂ ಇದನ್ನೇ ಅಂತಿದ್ರು."

ಸಿಟ್ಟು ಬಂತು. ಅವನ ಮೇಲಲ್ಲ.

ಆಸ್ಪತ್ರೆಯಲ್ಲೂ ನೀವು ಹಾಗೇ ಮಾಡಿದಿರಿ. "ನೋಡೋಕೆ ಬಂದೋರೆಲ್ಲ ಒಟ್ಟಿಗೆ ಇಳೀತಾರೆ. ಮೊದಲೇ ಹೋಗಿ ಗಾಡಿ ತೆಗಿ."

"ನೋಡೋ ಟೈಮ್ ಮುಗಿಯೋ ಬೆಲ್ ಹೊಡೆಯೋಕೆ ಇನ್ನೂ ಹತ್ತು ನಿಮಿಷ ಇದೆ" ಅಂದೆ.

"ಹೋಗೇ, ಆಮೇಲೆ ಸಿಕ್ಕಿಹಾಕ್ಕೋತೀಯ."

ಹೋದೆ. ಗೇಟಿನಲ್ಲಿ ಒಬ್ಬರೂ ಇರಲಿಲ್ಲ, ಗಾಡಿ ಸಲೀಸಾಗಿ ಹೊರಗೆ ಬಂತು. ಮನೆಯ ಬೀಗ ತೆಗೆಯುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು.

ಚೆಲ್ಲಪಾಂಡಿ ಮತ್ತೆ ಹೇಳಿದರೂ ನಾನು ಒಳಗೆ ಹೋಗಲಿಲ್ಲ. ಬೇಡಿ ಹಾಕಿಸಿಕೊಳ್ಳುವಾಗ ಆ ಮುದುಕ ಮಗಳಿಗೆ ಏನು ಹೇಳಿದನೋ, ನನಗೆ ಗೊತ್ತಾಗಲಿಲ್ಲ.