ಮೊದಲ ಸೀಟಿಗೆ ಏಳಬಾರದು

ಫೆಬ್ರವರಿ 3, ಸೋಮವಾರ. ದೇಮೋಸೋ ನಿರಾಶ್ರಿತರ ಶಿಬಿರ
ಗುಣಾಕಾರ ಇವತ್ತೂ ಅರ್ಧಕ್ಕೇ ನಿಂತಿತು. ಎರಡು ಸಲ ಸೀಟಿ, ಎರಡು ಸಲ ಕಂದಕ. ಮೂವತ್ತನಾಲ್ಕು ಮಕ್ಕಳನ್ನು ಇಳಿಸಿ, ಎಣಿಸಿ, ಹತ್ತಿಸುವಷ್ಟರಲ್ಲಿ ಪೀರಿಯಡ್ಡೇ ಮುಗಿದಿತ್ತು. ಸೈನ್ಯದ ಬಾಂಬ್ ವಿಮಾನ ಬರಲೇ ಇಲ್ಲ. ಪರೀಕ್ಷೆಗೆ ಇನ್ನು ಒಂಬತ್ತೇ ದಿನ.

ಗುಡ್ಡದ ಮೇಲೆ ವಾಕಿಟಾಕಿ ಹಿಡಿದು ಕಾವಲು ಕೂರುವ ಶಾ ರೇ ಮಾವನ ಹತ್ತಿರ ಜಗಳಕ್ಕೇ ಹೋದೆ.

"ಅಲ್ಲಿ ರನ್‌ವೇಲಿ ವಿಮಾನ ಎದ್ದಿದ್ದಕ್ಕೆಲ್ಲ ಊದಿದ್ರೆ ನಾನು ಪಾಠ ಯಾವಾಗ ಮಾಡ್ಲಿ ಮಾವ?"

"ಇವತ್ತು ನಿಮ್ಮ ಕಡೆ ಬರಲ್ಲ ಅಂತ ಪೈಲಟ್ ನಂಗೇನು ಫೋನ್ ಮಾಡಿ ಹೇಳ್ತಾನಾ? ಎದ್ರೆ ಇಲ್ಲಿಗೆ ಏಳೇ ನಿಮಿಷ ಟೀಚರಮ್ಮ. ಊದ್ತೀನಿ. ಬೈಕೋ."

ಮುದುಕನಿಗೆ ಬಲು ಹಟ. ಆ ಹಟದಿಂದಲೇ ಇಷ್ಟು ದಿನ ಉಳಿದಿದ್ದೇವೆ ಅನ್ನುವುದೂ ಗೊತ್ತು.

ಫೆಬ್ರವರಿ 6
ಕೊನೆಗೂ ಮಾವನನ್ನು ಒಪ್ಪಿಸಿದೆ. ಹೊಸ ರೂಲ್— ಮೊದಲ ಸೀಟಿಗೆ ಯಾರೂ ಏಳಬಾರದು, ಬರೆಯುತ್ತಲೇ ಇರಬೇಕು. ವಿಮಾನ ನಮ್ಮ ಕಡೆಗೇ ತಿರುಗಿತು ಅಂತ ವಾಕಿಟಾಕಿಯಲ್ಲಿ ಸುದ್ದಿ ಬಂದರೆ ಮಾವ ಎರಡನೆಯದು ಊದುತ್ತಾರೆ. ಆಗ ಓಟ. ಕಂದಕ ನಲವತ್ತು ಹೆಜ್ಜೆ. ಓಡಿಸಿ ನೋಡಿದೆ, ಇಪ್ಪತ್ತೈದು ಸೆಕೆಂಡ್. ಸಾಕು... ಸಾಕಲ್ಲವೇ?

ತಾಯಂದಿರಿಗೆ ಖುಷಿ. "ನಾವಂತೂ ಕಾಡಲ್ಲಿ ಓಡಿದ್ದೇ ಬಂತು. ಇವುಗಳಾದ್ರೂ ನಾಲ್ಕನೇ ಕ್ಲಾಸ್ ಪಾಸಾಗ್ಲಿ."

ಊಟಕ್ಕೆ ಜೋಳದ ಗಂಜಿ. ನನ್ನ ಮಗಳು ಬೂ ಮೆ, ಅವಳೂ ಇದೇ ಕ್ಲಾಸು, ಮೂರನೇ ಸಾಲು, ಕೇಳಿದಳು. "ಅಮ್ಮ, ಎರಡನೇ ಸೀಟಿ ಕೇಳಿಸದೇ ಇದ್ರೆ?"

"ಸುಮ್ನೆ ತಿನ್ನೇ."

ನನ್ನ ಪಾಲಿನ ಗಂಜಿಯನ್ನೂ ಅವಳ ತಟ್ಟೆಗೇ ಸುರಿದೆ.

ಫೆಬ್ರವರಿ 11
ಪರೀಕ್ಷೆಗೆಂದು ತಾಯಂದಿರು ಗಂಟು ಬಿಚ್ಚಿ ಬಿಳಿ ಅಂಗಿ ತೆಗೆದಿದ್ದಾರೆ. ಬಿಳಿ ಮೇಲಿಂದ ಕಾಣುತ್ತದೆ! ಅಷ್ಟನ್ನೂ ಮರದ ತೊಗಟೆ ಬೇಯಿಸಿದ ನೀರಲ್ಲಿ ಅದ್ದಿಸಿದೆ. ಮಣ್ಣಿನ ಬಣ್ಣ ಬಂತು. ಒಬ್ಬಳು ಅತ್ತೇ ಬಿಟ್ಟಳು. ಅಳಲಿ. ಇದೊಂದರಲ್ಲಿ ನಾನು ಸೋಲುವವಳಲ್ಲ.

ಫೆಬ್ರವರಿ 12. ಬೆಳಿಗ್ಗೆ 9.40
ಪರೀಕ್ಷೆ ನಡೆಯುತ್ತಿದೆ. ಪೆನ್ಸಿಲ್ ಸದ್ದು ಬಿಟ್ಟರೆ ಏನೂ ಇಲ್ಲ. ಎಷ್ಟು ದಿನವಾಯಿತು ಈ ಸದ್ದು ಕೇಳಿ!

ಸೀಟಿ. ಒಂದು. ಮೂವತ್ತನಾಲ್ಕು ಮುಖ ನನ್ನ ಕಡೆ. "ಬರೀರಿ" ಅಂದೆ. ಬೂ ಮೆ ಪೆನ್ಸಿಲ್ ಕೆಳಗಿಟ್ಟಳು...

ಫೆಬ್ರವರಿ 17
ಐದು ದಿನ ಈ ಪುಸ್ತಕ ಮುಟ್ಟಲು ಆಗಲಿಲ್ಲ.

ಬೂ ಮೆ ಎದ್ದಳು. "ಕೂತ್ಕೋ!" ಅಂತ ಕಿರುಚಿದೆ. ನಾನೇ, ಹೆತ್ತವಳು. ಅವಳು ಓಡಿದಳು. ಉಳಿದವರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಅವಳ ಹಿಂದೆ ಹೋದರು. ನಾನೂ ಓಡಿದೆ. ಕಾಪಾಡಲು ಅಲ್ಲ, ಕಿವಿ ಹಿಡಿದು ಎಳೆತರಲು. ಇಲ್ಲಿಯಾದರೂ ನಿಜ ಬರೆಯುತ್ತೇನೆ.

ಎರಡನೇ ಸೀಟಿ ಬರಲೇ ಇಲ್ಲ. ಬಾಂಬ್ ಬಂತು.

ಸೂರಿಲ್ಲ, ಮೇಜಿಲ್ಲ, ಮೂರನೇ ಸಾಲಿನ ಜಾಗದಲ್ಲಿ ಗುಂಡಿ. ಕಂದಕದಲ್ಲಿ ಏಳು ಸಲ ಎಣಿಸಿದೆ. ಮೂವತ್ತನಾಲ್ಕು. ಈಗಲೂ ನಿದ್ದೆಯಲ್ಲಿ ಎಣಿಸುತ್ತೇನೆ, ಒಂದು ಕಡಿಮೆ ಬರುತ್ತದೆ.

ಶಾ ರೇ ಮಾವ ನಮ್ಮ ಗುಡಿಸಲಿನ ಬಾಗಿಲಲ್ಲೇ ಕೂತಿದ್ದರು, ಒಳಗೆ ಬರಲಿಲ್ಲ. "ಮೊದಲ ಸೀಟಿ ಊದಿದ್ಮೇಲೆ ವಾಕಿಟಾಕಿ ಬ್ಯಾಟರಿ ಸತ್ತೋಯ್ತು ಕಣಮ್ಮ... ಯಾವ ಕಡೆ ತಿರುಗ್ತು ಅಂತ ಗೊತ್ತಾಗ್ಲಿಲ್ಲ." ಅತ್ತರು. ತಪ್ಪು ಅವರದಲ್ಲ. ಒಂದು ಸೀಟಿ ಸಾಕಾಗಿತ್ತು, ಎರಡು ಮಾಡಿದವಳು ನಾನು.

ಬೂ ಮೆ ಕೇಳಿದಳು. "ಪೇಪರ್ ಅಲ್ಲೇ ಬಿಟ್ಟು ಬಂದೆ ಅಮ್ಮ. ನಂಗೆ ಸೊನ್ನೆನಾ?"

ತಬ್ಬಿಕೊಂಡೆ.

ಫೆಬ್ರವರಿ 24. ಬೆಳಿಗ್ಗೆ 10.15
ಮತ್ತೆ ಪರೀಕ್ಷೆ. ಬಿದಿರು ಮೆಳೆಯ ಕೆಳಗೆ, ಕಂದಕದ ಬಾಯಲ್ಲೇ. ಐದು ಹೆಜ್ಜೆ. ರೂಲ್ ಒಂದೇ— ಸೀಟಿಗೆ ಮೊದಲು ಏಳುವವಳು ಟೀಚರ್. ಇದನ್ನು ಮಕ್ಕಳಿಂದ ಮೂರು ಸಲ ಹೇಳಿಸಿದ್ದೇನೆ. ನಾನೂ ಹೇಳಿದ್ದೇನೆ.

"ಟೀಚರಮ್ಮ, ಇನ್ನೆಷ್ಟು ಹೊತ್ತಿದೆ?"

"ಇಪ್ಪತ್ತು ನಿಮಿಷ. ನಿಧಾನವಾಗಿ ಬರೀರಿ."

ದೇವರೇ, ಇಪ್ಪತ್ತೇ ನಿಮಿಷ ಕೇಳುತ್ತಿದ್ದೇನೆ. ಬೂ ಮೆ ಭಾಗಾಕಾರದಲ್ಲಿ ಸಿಕ್ಕಿಕೊಂಡು ಪೆನ್ಸಿಲ್ ಕಚ್ಚುತ್ತಿದ್ದಾಳೆ. ಶೇಷ ಬರೆಯಲು ಮರೆತಿದ್ದಾಳೆ, ಪೆದ್ದಿ. ಹೇಳಬಾರದು...

ಸೀಟಿ. ಎದ್—